ಚಲಿಸುವ ಫಲಕಗಳ ಧಾರಕ ಮತ್ತು ಅಧಿಕ ವೋಲ್ಟೇಜ್ ಆಕರ

ಎರಡು ಲೋಹಫಲಕಗಳ ನಡುವಿನ ಅಂತರವನ್ನಾಗಲಿ, ಅವು ಎದುರುಬದುರಾಗಿರುವ ವಿಸ್ತೀರ್ಣವನ್ನಾಗಲಿ ಬದಲಿಸಬಹುದಾದ ಧಾರಕವನ್ನು (ಕೆಪಾಸಿಟರ್) ಚಲಿಸುವ ಫಲಕಗಳ ಧಾರಕ ಎನ್ನುತ್ತಾರೆ. ಅಧಿಕ ವೋಲ್ಟೇಜಿನ ಆಕರಕ್ಕೆ ಜೋಡಿಸಿದ ಫಲಕಗಳನ್ನು ಹತ್ತಿರ ತಂದರೆ ಆಕರವು ವಿದ್ಯುದಾವೇಶವನ್ನು ಒದಗಿಸುತ್ತದೆ. ದೂರ ಸರಿಸಿದರೆ ಅದನ್ನು ಮರಳಿ ಪಡೆಯುತ್ತದೆ.

ತತ್ತ್ವ

ಸಮಾನಾಂತರ ಫಲಕ ಧಾರಕದ ಧಾರಕತೆಯು ವಿಸ್ತೀರ್ಣಕ್ಕೆ ನೇರ ಅನುಪಾತದಲ್ಲಿಯೂ ಅಂತರಕ್ಕೆ ವಿಲೋಮ ಅನುಪಾತದಲ್ಲಿಯೂ ಇರುತ್ತದೆ. ಧಾರಕತೆ ಮತ್ತು ವೋಲ್ಟೇಜುಗಳ ಗುಣಲಬ್ಧವೇ ವಿದ್ಯುದಾವೇಶ.

ಆಕರ ಜೋಡಣೆಯಲ್ಲಿದ್ದಾಗ

1000 ಚದರ ಸೆಂಟಿಮೀಟರ್ ವಿಸ್ತೀರ್ಣದ ಫಲಕಗಳು 1 ಸೆಂಟಿಮೀಟರ್ ಅಂತರದಲ್ಲಿದ್ದರೆ ಧಾರಕತೆ ಸುಮಾರು 88.5 ಪಿಕೊಫ್ಯಾರಡ್. 10,000 ವೋಲ್ಟ್‌ಗಳಲ್ಲಿ ಸಂಗ್ರಹವಾಗುವ ಶಕ್ತಿ ಸುಮಾರು 4.4 ಮಿಲಿಜೂಲ್. ಅಂತರವನ್ನು 2 ಸೆಂಟಿಮೀಟರಿಗೆ ಹೆಚ್ಚಿಸಿದಾಗ ಅರ್ಧದಷ್ಟು ವಿದ್ಯುದಾವೇಶ ಆಕರಕ್ಕೆ ಹಿಂದಿರುಗುತ್ತದೆ. ಅದರೊಂದಿಗೆ ಸಾಗುವ ಶಕ್ತಿಯೂ ಸುಮಾರು 4.4 ಮಿಲಿಜೂಲ್: ಇದರ ಅರ್ಧ ಧಾರಕದ ಸಂಗ್ರಹದಿಂದ, ಉಳಿದರ್ಧ ಫಲಕಗಳನ್ನು ಎಳೆದ ಕೈಯ ಕೆಲಸದಿಂದ ಬರುತ್ತದೆ.

ಆದರೆ ಡಯೋಡ್‌ಗಳಿಂದ ರಚಿತವಾದ ಸಾಮಾನ್ಯ ಅಧಿಕ ವೋಲ್ಟೇಜ್ ಆಕರಗಳಲ್ಲಿ ವಿದ್ಯುತ್ತು ಒಂದೇ ದಿಕ್ಕಿನಲ್ಲಿ ಹರಿಯಬಲ್ಲದು. ಆದುದರಿಂದ ಮರಳಿದ ವಿದ್ಯುದಾವೇಶವು ಆಕರದ ಹೊರತುದಿಯ ಧಾರಕದಲ್ಲಿ ಸೇರಿ ವೋಲ್ಟೇಜನ್ನು ಏರಿಸುತ್ತದೆ. ಆ ಧಾರಕ ದೊಡ್ಡದಾಗಿದ್ದರೆ ಏರಿಕೆ ಅತ್ಯಲ್ಪ. ಅಡ್ಡಲಾಗಿ ಜೋಡಿಸಿದ ರೋಧಕವು ಹೆಚ್ಚುವರಿಯನ್ನು ನಿಧಾನವಾಗಿ ಹರಿಯಬಿಡುತ್ತದೆ.

ಆಕರವನ್ನು ಬೇರ್ಪಡಿಸಿದಾಗ

ಆಕರದ ತಂತಿಯನ್ನು ಮೊದಲೇ ತೆಗೆದರೆ ವಿದ್ಯುದಾವೇಶ ಬದಲಾಗದು. ಮೇಲಿನ ಉದಾಹರಣೆಯಲ್ಲಿ ವೋಲ್ಟೇಜ್ 20,000ಕ್ಕೂ, ಶಕ್ತಿ ಸುಮಾರು 8.8 ಮಿಲಿಜೂಲಿಗೂ ಏರುತ್ತದೆ. ಹೆಚ್ಚಿದ ಶಕ್ತಿಯೆಲ್ಲವೂ ಫಲಕಗಳ ಪರಸ್ಪರ ಆಕರ್ಷಣೆಯನ್ನು ಮೀರಿ ಎಳೆದ ಕೆಲಸದ ಫಲ.

ಬಳಕೆಗಳು

1916ರಲ್ಲಿ ಇ. ಸಿ. ವೆಂಟೆ ರೂಪಿಸಿದ ಕಂಡೆನ್ಸರ್ ಮೈಕ್ರೊಫೋನಿನಲ್ಲಿ ಧ್ವನಿಗೆ ಕಂಪಿಸುವ ತೆಳುಹಾಳೆಯೇ ಒಂದು ಫಲಕ. ಆಕರದೊಂದಿಗೆ ಸರಣಿಯಲ್ಲಿರುವ ದೊಡ್ಡ ರೋಧಕವು ವಿದ್ಯುದಾವೇಶದ ಶೀಘ್ರ ಸಂಚಾರವನ್ನು ತಡೆಯುವುದರಿಂದ ಕಂಪನವು ವೋಲ್ಟೇಜಿನ ಏರಿಳಿತವಾಗಿ ಪ್ರಕಟವಾಗುತ್ತದೆ. ಹಳೆಯ ರೇಡಿಯೊಗಳ ಗ್ಯಾಂಗ್ ಕಂಡೆನ್ಸರಿನಲ್ಲಿಯೂ ಫಲಕಗಳು ಚಲಿಸುತ್ತವೆ. ಆದರೆ ಅಲ್ಲಿ ಬದಲಾಗುವುದು ವಿಸ್ತೀರ್ಣ. ಬೆಂಗಳೂರು ಆಕಾಶವಾಣಿಯ 612 ಕಿಲೊಹರ್ಟ್ಸ್ ಮಧ್ಯಮತರಂಗದ ಕೆಳತುದಿಗೆ ಸಮೀಪವಿರುವುದರಿಂದ ಅದನ್ನು ಹಿಡಿಯಲು ಫಲಕಗಳು ಬಹುಪಾಲು ಒಂದರೊಳಗೊಂದು ಸೇರಿರಬೇಕು.

ಸುರಕ್ಷತೆ

ಆಕರವನ್ನು ಆರಿಸಿದ ಮಾತ್ರಕ್ಕೆ ಫಲಕಗಳು ನಿರಪಾಯವಾಗುವುದಿಲ್ಲ. ಅವುಗಳನ್ನು ಬೇರ್ಪಡಿಸುವ ಮೊದಲು ಸೂಕ್ತ ರೋಧಕದ ಮೂಲಕ ವಿಸರ್ಜಿಸಿ, ಭೂಸಂಪರ್ಕ ಕೊಡಬೇಕು. ಇಲ್ಲದಿದ್ದರೆ ಎಳೆಯುವ ಕ್ರಿಯೆಯೇ ವೋಲ್ಟೇಜನ್ನು ಆಕರದ ಮಿತಿಗಿಂತ ಮೇಲಕ್ಕೇರಿಸಬಹುದು.