ಮೊಳಕೆಯಲ್ಲಿ ಕಾಣದ ಬೆಳೆ

ಬೆಳೆಯುವ ಸಿರಿಯನ್ನು ಮೊಳಕೆಯಲ್ಲಿ ಕಾಣು ಎಂಬ ಗಾದೆ ತೆಂಗಿನ ಮಟ್ಟಿಗೆ ಬಹುಪಾಲು ನಿಜ. ತುರುವೇಕೆರೆ ತಾಲ್ಲೂಕಿನ ದಬ್ಬೇಘಟ್ಟದಂಥ ತೆಂಗಿನ ಸೀಮೆಯಲ್ಲಿ ಬೇಗ ಮೊಳೆತ, ಬುಡ ದಪ್ಪವಿರುವ ಸಸಿಗೇ ಬೆಲೆ, ಉಳಿದವು ಮೂಲೆಗೆ. ಇದೇ ಲೆಕ್ಕವನ್ನು ಮನುಷ್ಯರ ಮಕ್ಕಳಿಗೂ ಹಚ್ಚಿದ್ದುಂಟು. ಹೊಡೆದಾಡುವ ಹುಡುಗನನ್ನು ಕಂಡು ‘ಇವನು ಜೈಲಿಗೆ ಹೋಗುವವನೇ’ ಎನ್ನುವುದು ಬರೀ ಜಗಲಿಯ ಮಾತಾಗಿದ್ದರೆ ಚಿಂತೆಯಿರಲಿಲ್ಲ. ಇಂಥ ಭವಿಷ್ಯ ನುಡಿಯುವುದು ಒಂದು ಕಾಲಕ್ಕೆ ಕಾನೂನೇ ಆಗಿತ್ತು.

1871ರಲ್ಲಿ ಬ್ರಿಟಿಷರು ತಂದ ಅಪರಾಧಿ ಬುಡಕಟ್ಟುಗಳ ಕಾಯ್ದೆ, ಬಡಗಿಯ ಮಗ ಬಡಗಿಯಾಗುವಂತೆ ಕಳ್ಳನ ಮಗ ಕಳ್ಳನಾಗುತ್ತಾನೆಂಬ ನಂಬಿಕೆಯ ಮೇಲೆ ನಿಂತಿತ್ತು. ಹುಡುಗ ಯಾರ ಮೇಲೂ ಕೈ ಎತ್ತಬೇಕಿರಲಿಲ್ಲ. ಆ ಕುಲದಲ್ಲಿ ಹುಟ್ಟಿದರೆ ಸಾಕಿತ್ತು. 1911ರ ಕಾಯ್ದೆ 6ರಿಂದ 18 ವರ್ಷದೊಳಗಿನ ಮಕ್ಕಳನ್ನು ತಂದೆತಾಯಿಯಿಂದ ಬೇರ್ಪಡಿಸಿ ಸುಧಾರಣಾ ಶಾಲೆಗೆ ಕಳಿಸುವ ಅಧಿಕಾರವನ್ನೂ ಕೊಟ್ಟಿತು. ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಹುಬ್ಬಳ್ಳಿಯಲ್ಲಿ ಗಂಟಿಚೋರ, ಕೊರಮ ಮೊದಲಾದವರನ್ನು ಬೇಲಿಯೊಳಗೆ ಇರಿಸಲಾಯಿತು. ಆ ಜಾಗಕ್ಕೆ ಇಂದಿಗೂ ‘ಸೆಟ್ಲಮೆಂಟ್’ ಎಂದೇ ಹೆಸರು. ಕಾಯ್ದೆ ರದ್ದಾದದ್ದು 1952ರ ಆಗಸ್ಟ್ 31ರಂದು.

ಅದು ರದ್ದಾಗುವ ಎರಡು ವರ್ಷ ಮೊದಲು, ಅಮೆರಿಕದಲ್ಲಿ ಇದೇ ಪ್ರಶ್ನೆ ವಿಜ್ಞಾನದ ವೇಷ ತೊಟ್ಟಿತು. ಬಾಸ್ಟನ್ನಿನ 500 ಪುಂಡ ಹುಡುಗರನ್ನೂ 500 ಸಾಧು ಹುಡುಗರನ್ನೂ ಹೋಲಿಸಿದ ಗ್ಲೂಕ್ ದಂಪತಿ, ಯಾವ ಮಗು ದಾರಿ ತಪ್ಪೀತೆಂದು ಹೇಳುವ ಕೋಷ್ಟಕಗಳನ್ನು 1950ರಲ್ಲಿ ಪ್ರಕಟಿಸಿದರು. ಲೆಕ್ಕದಲ್ಲಿ ದೋಷವಿತ್ತು: ಯಾವ ಊರಿನಲ್ಲೂ ಅರ್ಧದಷ್ಟು ಹುಡುಗರು ಪುಂಡರಾಗಿರುವುದಿಲ್ಲ.

ಆ ಹುಡುಗರ ಹಳೆಯ ಕಡತಗಳು ಹಾರ್ವರ್ಡ್ ವಿಶ್ವವಿದ್ಯಾಲಯದ ನೆಲಮಾಳಿಗೆಯಲ್ಲಿ ಧೂಳು ತಿನ್ನುತ್ತಿದ್ದವು. ರಾಬರ್ಟ್ ಸ್ಯಾಂಪ್ಸನ್ ಮತ್ತು ಜಾನ್ ಲಾಬ್ ಅವನ್ನು ಬಿಚ್ಚಿ, ಪುಂಡರೆನಿಸಿಕೊಂಡವರ ಬದುಕನ್ನು 70ರ ವಯಸ್ಸಿನವರೆಗೂ ಹಿಂಬಾಲಿಸಿ, 2003ರಲ್ಲಿ ಫಲಿತಾಂಶ ಮುಂದಿಟ್ಟರು. ವಯಸ್ಸಾದಂತೆ ಬಹುತೇಕ ಎಲ್ಲರೂ ಅಪರಾಧದಿಂದ ದೂರ ಸರಿದಿದ್ದರು. ಮದುವೆ, ಖಾಯಂ ಕೆಲಸ, ಸೈನ್ಯದ ನೌಕರಿ ಹಲವರನ್ನು ತಿರುಗಿಸಿದ್ದವು. ಯಾರು ಮುಂದುವರಿಯುತ್ತಾರೆ ಎಂಬುದನ್ನು ಬಾಲ್ಯದ ಕಡತ ಹೇಳಲಾರದಾಗಿತ್ತು. ಜೈಲಿನಲ್ಲಿರುವವನ ಬಾಲ್ಯ ಕೆದಕಿದರೆ ಹೊಡೆದಾಟ ಸಿಗಬಹುದು. ಹೊಡೆದಾಡಿದ ಹುಡುಗರನ್ನೆಲ್ಲ ಹಿಂಬಾಲಿಸಿದರೆ ಹೆಚ್ಚಿನವರು ಸಂಸಾರಸ್ಥರಾಗಿ ಸಿಗುತ್ತಾರೆ. ಜಗಲಿಯಲ್ಲಿ ಕುಳಿತವರಿಗೆ ಈ ಎರಡನೆಯ ಲೆಕ್ಕ ನೆನಪಾಗುವುದೇ ಇಲ್ಲ.

ಹಾಗೆಂದು ಪ್ರಶ್ನೆ ಮುಗಿದಿಲ್ಲ. 2015ರ ಬಾಲನ್ಯಾಯ ಕಾಯ್ದೆಯಂತೆ, ಘೋರ ಅಪರಾಧದ ಆರೋಪ ಹೊತ್ತ 16ರಿಂದ 18ರ ಹುಡುಗನನ್ನು ವಯಸ್ಕನಂತೆ ವಿಚಾರಣೆಗೆ ಒಳಪಡಿಸಬಹುದು. ತಪ್ಪಿತಸ್ಥನಾದರೆ 21 ತುಂಬುವವರೆಗೆ ಸುರಕ್ಷಾ ಸ್ಥಳದಲ್ಲಿಡಬೇಕು. ಶಿಕ್ಷೆ ಇನ್ನೂ ಉಳಿದಿದ್ದರೆ, ಅವನು ಸುಧಾರಿಸಿದ್ದಾನೆಯೇ, ಸಮಾಜಕ್ಕೆ ಉಪಯುಕ್ತನಾಗಬಲ್ಲನೇ ಎಂದು ಮಕ್ಕಳ ನ್ಯಾಯಾಲಯ ಅಳೆಯಬೇಕು. ಹೌದೆಂದರೆ ಮನೆಗೆ ಬಿಡಬಹುದು. ಇಲ್ಲವೆಂದರೆ ಉಳಿದ ಶಿಕ್ಷೆಗೆ ಜೈಲಿಗೆ ಕಳಿಸಬಹುದು.