ರಾಶಿಯ ತಳದ ಪಾಲು: ಆಯಗಾರಿಕೆ ಮತ್ತು ಊರ ಕೆಲಸದ ಬೆಲೆ

ಊರಿಗೆ ಬೇಕೇಬೇಕಾದ ಕೆಲಸಗಳನ್ನು ವಂಶಪಾರಂಪರ್ಯವಾಗಿ ಮಾಡಿಕೊಂಡು ಬಂದವರಿಗೆ ಬೆಳೆಯಲ್ಲಿ ಸಲ್ಲುತ್ತಿದ್ದ ನಿಗದಿತ ಪಾಲಿಗೆ ಹಳೆಯ ಮೈಸೂರು ಸೀಮೆಯಲ್ಲಿ ಆಯ ಎಂದೂ, ಆ ಪಾಲಿನ ಹಕ್ಕುದಾರರಿಗೆ ಆಯಗಾರರೆಂದೂ ಹೆಸರಿತ್ತು. ಮರಾಠಿಯ ಪ್ರಭಾವವಿದ್ದ ಉತ್ತರದ ಜಿಲ್ಲೆಗಳಲ್ಲಿ ಇದೇ ಏರ್ಪಾಡು ಬಾರಾ ಬಲೂತಿ ಎನಿಸಿಕೊಂಡಿತ್ತು. ವಿಜಯನಗರ ಕಾಲದ ಗ್ರಾಮಾಡಳಿತದ ಚರ್ಚೆಗಳಲ್ಲಿಯೂ ಕಾಣಿಸಿಕೊಳ್ಳುವ ಈ ವ್ಯವಸ್ಥೆಯನ್ನು ಕೆಲವರು ಸ್ವಾವಲಂಬಿ ಗ್ರಾಮದ ಆದರ್ಶವೆಂದು ಕೊಂಡಾಡಿದ್ದಾರೆ, ಮತ್ತೆ ಕೆಲವರು ಜಾತಿಯ ದಾಸ್ಯವೆಂದು ತಳ್ಳಿಹಾಕಿದ್ದಾರೆ. ಆದರೆ ಸಮಾಜವು ತನಗೆ ಅತ್ಯಗತ್ಯವಾದ ದುಡಿಮೆಗೆ ಯಾವ ಅಳತೆಗೋಲಿನಿಂದ ಬೆಲೆ ಕಟ್ಟಿತು ಎಂಬ ಪ್ರಶ್ನೆಯನ್ನು ಹಿಡಿದು ನೋಡಿದರೆ, ಆಯಗಾರಿಕೆಯ ಇತಿಹಾಸವು ಅದು ಅಳಿದ ಮೇಲಿನ ಕಾಲದ ಮೇಲೂ ಬೆಳಕು ಚೆಲ್ಲುತ್ತದೆ.

ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟನ ಸ್ಥಾನದಲ್ಲಿ ಕೆಲಸ ಮಾಡಿದ್ದ ಮಾರ್ಕ್ ವಿಲ್ಕ್ಸ್, 1810ರಲ್ಲಿ ಮೊದಲ ಸಂಪುಟ ಪ್ರಕಟವಾದ ತನ್ನ ಇತಿಹಾಸ ಗ್ರಂಥದಲ್ಲಿ, ಊರಿನ ಹನ್ನೆರಡು ಮಂದಿ ಆಯಗಾರರನ್ನು ಹೆಸರಿಸಿದ್ದಾನೆ. ನ್ಯಾಯ ಮತ್ತು ಕಂದಾಯದ ಹೊಣೆ ಹೊತ್ತ ಗೌಡ ಅಥವಾ ಪಟೇಲ, ಲೆಕ್ಕ ಬರೆಯುವ ಶಾನುಭೋಗ, ಊರನ್ನೂ ಬೆಳೆಯನ್ನೂ ಕಾಯುವ ತಳವಾರ ಮತ್ತು ತೋಟಿ, ಕೆರೆ ಕಾಲುವೆಗಳ ನೀರನ್ನು ಗದ್ದೆಗಳಿಗೆ ಹಂಚುವ ನೀರಗಂಟಿ, ಪಂಚಾಂಗ ಹೇಳುವ ಜೋಯಿಸ, ಕಮ್ಮಾರ, ಬಡಗಿ, ಕುಂಬಾರ, ಅಗಸ, ಕ್ಷೌರಿಕ ಮತ್ತು ಅಕ್ಕಸಾಲಿ ಈ ಪಟ್ಟಿಯಲ್ಲಿ ಬರುತ್ತಾರೆ. ಪಟ್ಟಿಯು ಸೀಮೆಯಿಂದ ಸೀಮೆಗೆ ಬದಲಾಗುತ್ತಿತ್ತು. ಹನ್ನೆರಡು ಎಂಬುದು ಎಣಿಕೆಗಿಂತ ಹೆಚ್ಚಾಗಿ ವಾಡಿಕೆಯ ಮಾತಾಗಿತ್ತು. ಇವರಿಗೆ ಪ್ರತಿಫಲ ಎರಡು ಬಗೆಯಲ್ಲಿ ಸಲ್ಲುತ್ತಿತ್ತು: ಒಂದು, ಕಂದಾಯವಿಲ್ಲದ ಅಥವಾ ಕಡಿಮೆ ಕಂದಾಯದ ಮಾನ್ಯದ ಭೂಮಿ, ಇನ್ನೊಂದು, ಪ್ರತಿಯೊಬ್ಬ ರೈತನ ಬೆಳೆಯಲ್ಲಿ ಗೊತ್ತುಪಡಿಸಿದ ಪಾಲು.

ಈ ಪಾಲು ಕಣದಲ್ಲಿ ಹೇಗೆ ಅಳೆಯಲ್ಪಡುತ್ತಿತ್ತು ಎಂಬುದನ್ನು ಟಿಪ್ಪುವಿನ ಪತನದ ನಂತರ, 1800–1801ರಲ್ಲಿ, ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ವಿವರವಾಗಿ ದಾಖಲಿಸಿದ್ದಾನೆ. ಸರ್ಕಾರ ಮತ್ತು ರೈತ ತಮ್ಮ ಭಾಗಗಳನ್ನು ಹಂಚಿಕೊಳ್ಳುವ ಮೊದಲೇ, ಒಟ್ಟು ರಾಶಿಯಿಂದ ದೇವರ ಹೆಸರಿನಲ್ಲಿ, ಬ್ರಾಹ್ಮಣರ ಹೆಸರಿನಲ್ಲಿ, ಭಿಕ್ಷುಕರ ಹೆಸರಿನಲ್ಲಿ ಮತ್ತು ಆಯಗಾರರ ಹೆಸರಿನಲ್ಲಿ ಧಾನ್ಯವನ್ನು ತೆಗೆದಿಡಲಾಗುತ್ತಿತ್ತು. ಅಂದರೆ ಊರ ಕೆಲಸದವರ ಪ್ರತಿಫಲವು ರೈತನೊಬ್ಬನ ಕೃಪೆಯೂ ಆಗಿರಲಿಲ್ಲ, ಅರಸನ ಬೊಕ್ಕಸದ ಸಂಬಳವೂ ಆಗಿರಲಿಲ್ಲ. ತೆರಿಗೆಗಿಂತ ಮುಂಚೆ ಸಲ್ಲಬೇಕಾದ ಬಾಕಿ ಅದಾಗಿತ್ತು. ಆದರೆ ಪಾಲುಗಳ ಗಾತ್ರ ಬೇರೆಯೇ ಕಥೆಯನ್ನು ಹೇಳುತ್ತದೆ. ಗೌಡ ಮತ್ತು ಶಾನುಭೋಗರಿಗೆ ಸಂದ ಸೇರುಗಳ ಮುಂದೆ ಅಗಸ, ಕುಂಬಾರ, ಕ್ಷೌರಿಕರಿಗೆ ಸಂದದ್ದು ಅತ್ಯಲ್ಪ. ಎಲ್ಲರ ಅಳತೆಯೂ ಮುಗಿದ ಮೇಲೆ ರಾಶಿಯ ತಳದಲ್ಲಿ, ಕಣ ಸಾರಿಸಿದ ಸೆಗಣಿಯೊಂದಿಗೆ ಬೆರೆತು ಉಳಿಯುತ್ತಿದ್ದ ಧಾನ್ಯದ ಪದರ ನೀರಗಂಟಿಯ ಪಾಲಾಗುತ್ತಿತ್ತು.

ನೀರಗಂಟಿಗೆ ತಳದ ಪಾಲು ಸಲ್ಲುತ್ತಿದ್ದುದು ಅವನ ಕೆಲಸ ಸುಲಭದ್ದೆಂಬ ಕಾರಣಕ್ಕಲ್ಲ. ಕೆರೆಯ ತೂಬನ್ನು ಯಾವಾಗ, ಎಷ್ಟು ಎತ್ತಬೇಕು, ನೀರು ಕಡಿಮೆಯಾದ ವರ್ಷ ಅಚ್ಚುಕಟ್ಟಿನ ಯಾವ ಭಾಗಕ್ಕೆ ಎಷ್ಟು ಹೊತ್ತು ಹರಿಸಬೇಕು, ಕಟ್ಟಕಡೆಯ ಗದ್ದೆಗೆ ನೀರು ಮುಟ್ಟಬೇಕಾದರೆ ಮೇಲಿನ ಯಾವ ಮಡೆಯನ್ನು ಕಟ್ಟಬೇಕು, ಮಳೆ ಬಿರುಸಾದ ರಾತ್ರಿ ಏರಿಯ ಯಾವ ಜಾಗ ಜಿನುಗುತ್ತದೆ ಎಂಬುದೆಲ್ಲವೂ ಅವನಿಗೆ ತಿಳಿದಿರಬೇಕಾಗಿತ್ತು. ಬಲಾಢ್ಯ ರೈತರ ಒತ್ತಡಕ್ಕೆ ಮಣಿಯದೆ ಹಂಚುವುದೂ ಈ ವಿದ್ಯೆಯ ಭಾಗವೇ ಆಗಿತ್ತು. ಆದರೂ ಹಲವು ಊರುಗಳಲ್ಲಿ ಈ ಕೆಲಸ ಅಸ್ಪೃಶ್ಯರೆಂದು ದೂರವಿಟ್ಟ ಸಮುದಾಯಗಳದ್ದಾಗಿದ್ದುದರಿಂದ, ಊರಿನ ಅನ್ನ ಅವನ ತಿಳಿವಳಿಕೆಯ ಮೇಲೆ ನಿಂತಿದ್ದರೂ ಅವನ ಪಾಲನ್ನು ನಿರ್ಧರಿಸಿದ್ದು ಊರಿನ ಜಾತಿಶ್ರೇಣಿಯಲ್ಲಿ ಅವನಿಗಿದ್ದ ಸ್ಥಾನವೇ ಆಗಿತ್ತು.

ಆಯವು ಹೀಗೆ ಒಂದೇ ಕಾಲಕ್ಕೆ ಆಸರೆಯೂ ಬಂಧನವೂ ಆಗಿತ್ತು. ಬೆಳೆ ಬಂದ ವರ್ಷ ಪಾಲು ತಪ್ಪುತ್ತಿರಲಿಲ್ಲ, ಬೇರೆ ಊರಿನವನು ಬಂದು ಆ ಕೆಲಸವನ್ನು ಕಸಿದುಕೊಳ್ಳುವಂತೆಯೂ ಇರಲಿಲ್ಲ. ಆದರೆ ಹುಟ್ಟಿನಿಂದ ಬಂದ ಕೆಲಸವನ್ನು ಬಿಡುವ ಸ್ವಾತಂತ್ರ್ಯವಾಗಲಿ, ಪಾಲು ಹೆಚ್ಚಿಸಿರೆಂದು ಕೇಳುವ ಅಧಿಕಾರವಾಗಲಿ ಕೆಳಗಿನ ಆಯಗಾರನಿಗೆ ಇರಲಿಲ್ಲ. ಇದಕ್ಕೆ ಕೂಡಿಕೊಂಡಂತೆ ಬಿಟ್ಟಿ ಚಾಕರಿ, ಅಂದರೆ ಕೂಲಿಯಿಲ್ಲದೆ ಅಧಿಕಾರಸ್ಥರಿಗೆ ಮಾಡಲೇಬೇಕಾದ ದುಡಿಮೆ, ಹಗಲು ರಾತ್ರಿಯೆನ್ನದೆ ಅವನ ಬೆನ್ನಿಗಿತ್ತು. ಶಾಸನಗಳಲ್ಲಿ ವಿಷ್ಟಿ ಎಂಬ ಹೆಸರಿನಿಂದ ಕಾಣಿಸಿಕೊಳ್ಳುವ ಈ ಪದ್ಧತಿ ಆಯಗಾರಿಕೆಗಿಂತ ಹೊಸದೇನೂ ಅಲ್ಲ. ಕೆಲಸ ಎಷ್ಟು ಅಗತ್ಯವೋ ಅದನ್ನು ಮಾಡುವವನನ್ನು ಅಷ್ಟೇ ಬಿಗಿಯಾಗಿ ಕಟ್ಟಿಹಾಕುವ ತರ್ಕ ಇಲ್ಲಿ ನಡೆದಿತ್ತು.

ಹತ್ತೊಂಬತ್ತನೆಯ ಶತಮಾನದಲ್ಲಿ ಭೂಮಾಪನ ಮತ್ತು ನಗದು ಕಂದಾಯದ ಪದ್ಧತಿ ಬೇರೂರಿದಂತೆ, ಬೆಳೆಯನ್ನು ಕಣದಲ್ಲಿ ಒಟ್ಟಾಗಿ ಹಂಚುವ ರೂಢಿ ಸಡಿಲವಾಯಿತು. ಕಂದಾಯವು ಹಣವಾದ ಮೇಲೆ ಸರ್ಕಾರಕ್ಕೆ ಕಣದಲ್ಲಿ ಕೆಲಸವಿಲ್ಲದಾಯಿತು. ಆಯವು ಒಟ್ಟು ರಾಶಿಯ ಮೇಲಿನ ಹಕ್ಕಿನ ಸ್ಥಾನದಿಂದ ಒಬ್ಬೊಬ್ಬ ರೈತನ ಇಚ್ಛೆಯ ಮಟ್ಟಕ್ಕೆ ಇಳಿಯತೊಡಗಿತು. ಧಾರವಾಡ, ಬೆಳಗಾವಿ, ಬಿಜಾಪುರಗಳನ್ನೊಳಗೊಂಡಿದ್ದ ಬಾಂಬೆ ಪ್ರಾಂತ್ಯದ ಕಂದಾಯ ಆಡಳಿತವು ಗ್ರಾಮಸೇವಕರನ್ನು ಸರ್ಕಾರಕ್ಕೆ ಉಪಯುಕ್ತರಾದವರು ಮತ್ತು ಸಮುದಾಯಕ್ಕೆ ಮಾತ್ರ ಉಪಯುಕ್ತರಾದವರು ಎಂದು ಎರಡಾಗಿ ವಿಂಗಡಿಸಿತು. ಲೆಕ್ಕ, ವಸೂಲಿ, ಕಾವಲಿನವರು ಆಡಳಿತದ ಕಣ್ಣಿಗೆ ಬಿದ್ದರೆ, ಅಗಸ ಕುಂಬಾರರಂಥವರು ಊರಿನ ಪಾಲಿಗೆ ಉಳಿದರು. 1874ರ ಬಾಂಬೆ ವಂಶಪಾರಂಪರ್ಯ ಹುದ್ದೆಗಳ ಕಾಯ್ದೆ ಮತ್ತು 1908ರ ಮೈಸೂರು ಗ್ರಾಮ ಹುದ್ದೆಗಳ ಕಾಯ್ದೆಗಳು ಹುದ್ದೆಗಳಿಗೆ ಕಾನೂನಿನ ರೂಪ ಕೊಟ್ಟವಾದರೂ, ಮೇಲಿನ ಹುದ್ದೆ ಮತ್ತು ಕೆಳದರ್ಜೆಯ ಹುದ್ದೆ ಎಂಬ ಹಳೆಯ ಅಂತರ ಹಾಗೆಯೇ ಉಳಿಯಿತು.

ಈ ಅಂತರವನ್ನು ಶಾಸನಸಭೆಯಲ್ಲಿ ನೇರವಾಗಿ ಪ್ರಶ್ನಿಸಿದವರು ಬಿ.ಆರ್. ಅಂಬೇಡ್ಕರ್. 1928ರಲ್ಲಿ ಅವರು ಬಾಂಬೆ ಶಾಸನಸಭೆಯಲ್ಲಿ 1874ರ ಕಾಯ್ದೆಗೆ ತಿದ್ದುಪಡಿ ಮಸೂದೆಯನ್ನು ಮಂಡಿಸಿ, ವತನದಾರ ಮಹಾರರಿಗೆ, ಅಂದರೆ ಹುದ್ದೆಗೆ ಅಂಟಿದ ಭೂಮಿಯನ್ನು ಉಂಬಳಿಯಾಗಿ ಪಡೆದ ಗ್ರಾಮಸೇವಕರಿಗೆ, ಪ್ರತಿಫಲ ಅತ್ಯಲ್ಪವಾಗಿದ್ದರೂ ಇಡೀ ಕುಟುಂಬವೇ ಸರ್ಕಾರದ ಕರೆಗೆ ಸದಾ ಸಿದ್ಧವಿರಬೇಕಾದ ಸ್ಥಿತಿಯನ್ನು ಮುಂದಿಟ್ಟರು. ಸಣ್ಣ ತುಂಡು ಭೂಮಿಯ ಆಸೆಯೇ ಆ ಜನರನ್ನು ಊರಿಗೆ ಕಟ್ಟಿಹಾಕಿದೆಯೆಂಬುದು ಅವರ ವಾದದ ತಿರುಳಾಗಿತ್ತು. ಆ ಮಸೂದೆ ಕಾಯ್ದೆಯಾಗಲಿಲ್ಲ.

ರಾಜ್ಯ ಏಕೀಕರಣದ ನಂತರ ಬಂದ 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1963ರ ಫೆಬ್ರವರಿ 1ರಿಂದ ಜಾರಿಗೆ ಬಂದು, ವಂಶಪಾರಂಪರ್ಯ ಹುದ್ದೆಗಳನ್ನು ಕೊನೆಗೊಳಿಸಿ, ಅವುಗಳಿಗೆ ಅಂಟಿದ್ದ ಭೂಮಿಯನ್ನು ಹುದ್ದೆದಾರರಿಗೇ ಮರುಮಂಜೂರು ಮಾಡುವ ದಾರಿ ತೆರೆಯಿತು. ತಳವಾರ, ತೋಟಿ, ನೀರಗಂಟಿಗಳ ಮಟ್ಟಿಗೆ ಇದು ದೊಡ್ಡ ಬಿಡುಗಡೆಯಾಗಿತ್ತು. ಆದರೆ ಬಡತನ ಮತ್ತು ಸಾಲದ ಒತ್ತಡದಲ್ಲಿ ಇಂಥ ಭೂಮಿ ಕೈಬಿಟ್ಟು ಹೋಗುವ ಅಪಾಯವಿದ್ದುದರಿಂದ, 1978ರಲ್ಲಿ ತಿದ್ದುಪಡಿಯ ಮೂಲಕ ಅದರ ಪರಭಾರೆಗೆ 15 ವರ್ಷಗಳ ನಿರ್ಬಂಧ ಹೇರಲಾಯಿತು. ಹುದ್ದೆ ರದ್ದಾದರೂ ಕೆಲಸ ರದ್ದಾಗಲಿಲ್ಲ ಎಂಬುದನ್ನು ಮುಂದಿನ ದಶಕಗಳು ತೋರಿಸಿಕೊಟ್ಟವು. ಶಾನುಭೋಗನ ಲೆಕ್ಕವನ್ನು ವೇತನಶ್ರೇಣಿ, ಬಡ್ತಿ, ನಿವೃತ್ತಿ ಸೌಲಭ್ಯಗಳಿರುವ ಗ್ರಾಮ ಲೆಕ್ಕಿಗರು ವಹಿಸಿಕೊಂಡರು. ತಳವಾರ ತೋಟಿಗಳ ಓಡಾಟವನ್ನು ವಹಿಸಿಕೊಂಡ ಗ್ರಾಮ ಸಹಾಯಕರು ಕಾಯಂ ನೌಕರಿಯ ಹಕ್ಕುಗಳಿಲ್ಲದ ನಿಗದಿತ ಮೊತ್ತವಾದ ಗೌರವಧನ ಪಡೆಯುವವರಾಗಿ, ತಮ್ಮನ್ನು ‘ಡಿ’ ದರ್ಜೆಯ ನೌಕರರೆಂದು ಪರಿಗಣಿಸಬೇಕೆಂದು ಬಹುಕಾಲದಿಂದ ಬೇಡಿಕೆಯಿಡುತ್ತ ಬಂದಿದ್ದಾರೆ. ನೀರಗಂಟಿಯ ಹೆಸರು ತೂಬಿನಿಂದ ಕುಡಿಯುವ ನೀರಿನ ನಲ್ಲಿಗೆ ಸರಿದು, ಗ್ರಾಮ ಪಂಚಾಯಿತಿಯ ವಾಟರ್‌ಮನ್‌ಗೆ ಅಂಟಿಕೊಂಡಿತು.

ಇದೇ ಅವಧಿಯಲ್ಲಿ ಕೂಲಿಯ ಅಳತೆಗೋಲೂ ಬದಲಾಯಿತು. 1948ರ ಕನಿಷ್ಠ ವೇತನ ಕಾಯ್ದೆಯಡಿ ಹೊರಬಂದ ಅಧಿಸೂಚನೆಗಳು ಕೆಲಸಗಾರರನ್ನು ಕುಶಲ, ಅರೆಕುಶಲ, ಅಕುಶಲ ಎಂದು ವಿಂಗಡಿಸಿದವು. ಮಾಲೀಕ ಕೊಡಲೇಬೇಕಾದ ಕನಿಷ್ಠ ಮೊತ್ತವನ್ನು ಕಾನೂನು ಗೊತ್ತುಪಡಿಸಿದ್ದು, ಕೇಳುವ ಅಧಿಕಾರವೇ ಇಲ್ಲದ ಆಯಗಾರನ ಸ್ಥಿತಿಗೆ ಹೋಲಿಸಿದರೆ ಸಣ್ಣ ಬದಲಾವಣೆಯಲ್ಲ. ಆದರೆ ಶಾಲೆ ಅಥವಾ ತರಬೇತಿಯ ಪತ್ರದಿಂದ ತೋರಿಸಲಾಗದ, ತಂದೆಯ ಜೊತೆ ದುಡಿದು ಕಲಿತ ತಿಳಿವಳಿಕೆಯನ್ನು ಈ ವಿಂಗಡಣೆ ಗುರುತಿಸುವುದು ಕಷ್ಟ. ಆದ್ದರಿಂದ ಹಿಂದೆ ಕೀಳೆನಿಸಿಕೊಂಡ ಬಹಳಷ್ಟು ಕೆಲಸಗಳು ಹೊಸ ಪಟ್ಟಿಯಲ್ಲಿ ಅಕುಶಲ ಎಂಬ ಸಾಲಿಗೆ ಯಾರ ಆಕ್ಷೇಪವೂ ಇಲ್ಲದೆ ಬಂದು ಸೇರಿದವು.

ಒಟ್ಟಿನಲ್ಲಿ ಆಯಗಾರಿಕೆಯಿಂದ ಗೌರವಧನದವರೆಗಿನ ಬದಲಾವಣೆಯು ಕೆಳಗಿನ ಕೆಲಸಗಾರನಿಗೆ ಕೆಲಸ ಬಿಡುವ, ಬೇಡಿಕೆಯಿಡುವ, ನ್ಯಾಯಾಲಯದ ಮೆಟ್ಟಿಲೇರುವ ಸ್ವಾತಂತ್ರ್ಯವನ್ನು ತಂದಿತು. ಜೊತೆಗೆ, ತೆರಿಗೆಗೂ ಮುಂಚೆ ಸಲ್ಲುವ ಪಾಲೆಂಬ ಒಂದೇ ಒಂದು ಒಳ್ಳೆಯ ಅಂಶವನ್ನು ಕಳೆಯಿತು. ಪಂಚಾಯಿತಿಯ ಬಳಿ ಹಣವಿದ್ದಾಗ ನೀರಗಂಟಿಗೆ ಸಂಬಳ ಎಂಬ ಇಂದಿನ ರೂಢಿಗಿಂತ, ತೆರಿಗೆಗೂ ಮುಂಚೆ ಊರಿನ ಆದಾಯದ ಮೇಲೆ ಊರ ಕೆಲಸದವರಿಗೆ ಹಕ್ಕು ಎಂಬ ಹಳೆಯ ನಿಯಮ ಹೆಚ್ಚು ವಿವೇಕದ್ದಾಗಿತ್ತು. ಜಾತಿಯ ಅಳತೆಯನ್ನು ಕೈಬಿಟ್ಟು ಆ ನಿಯಮವನ್ನಷ್ಟೇ ಉಳಿಸಿಕೊಳ್ಳಲು ಸಾಧ್ಯವಿತ್ತು. ಆದರೆ ನಡೆದದ್ದು ಅದರ ತಿರುಗುಮುರುಗು.