ಬಿಸಿರಕ್ತದ ಮೀನಿನ ಗುಟ್ಟು

ಮೀನು ತಣ್ಣನೆ ರಕ್ತದ ಪ್ರಾಣಿ, ಸುತ್ತಲಿನ ನೀರಿನಷ್ಟೇ ಅದರ ಮೈಶಾಖ ಎಂಬುದು ಬಹುಕಾಲದ ನಂಬಿಕೆ. ಇದಕ್ಕೆ ಪೆಟ್ಟು ಬಿದ್ದದ್ದು 1835ರಲ್ಲಿ. ಪ್ರಸಿದ್ಧ ರಸಾಯನ ವಿಜ್ಞಾನಿ ಹಂಫ್ರಿ ಡೇವಿಯವರ ತಮ್ಮ, ಬ್ರಿಟಿಷ್ ಸೇನಾ ವೈದ್ಯ ಜಾನ್ ಡೇವಿ, ಟ್ಯೂನಾ ಜಾತಿಯ ಮೀನಿನ ಮೈ ಸಮುದ್ರದ ನೀರಿಗಿಂತ ಸುಮಾರು 10 ಡಿಗ್ರಿ ಸೆಲ್ಸಿಯಸ್ ಹೆಚ್ಚು ಬಿಸಿಯಾಗಿರುವುದನ್ನು ವರದಿ ಮಾಡಿದರು.

ಈ ಶಾಖ ಮೈಯಲ್ಲಿ ಉಳಿಯುವುದಾದರೂ ಹೇಗೆ? ಸ್ನಾಯು ದುಡಿದಾಗ ಎಲ್ಲ ಮೀನುಗಳಲ್ಲೂ ಶಾಖ ಹುಟ್ಟುತ್ತದೆ. ಆದರೆ ಆಮ್ಲಜನಕಕ್ಕಾಗಿ ರಕ್ತ ಕಿವಿರಿಗೆ ಹೋಗಲೇಬೇಕು. ಅಲ್ಲಿ ತೆಳು ಪೊರೆಯ ಆಚೆಗೇ ತಣ್ಣೀರು. ಗಳಿಸಿದ ಶಾಖವೆಲ್ಲ ಕಡಲಪಾಲು.

ಟ್ಯೂನಾ ಇದಕ್ಕೊಂದು ಉಪಾಯ ಕಂಡುಕೊಂಡಿದೆ. ಅದರ ಮೈಯಲ್ಲಿ ಸೂಕ್ಷ್ಮ ರಕ್ತನಾಳಗಳ ದಟ್ಟ ಜಾಲವಿದೆ. ಸ್ನಾಯುವಿನಿಂದ ಹೊರಟ ಬಿಸಿ ರಕ್ತ ಮತ್ತು ಕಿವಿರಿನಿಂದ ಬಂದ ತಣ್ಣನೆ ರಕ್ತ ಅಲ್ಲಿ ಅಕ್ಕಪಕ್ಕದಲ್ಲೇ ವಿರುದ್ಧ ದಿಕ್ಕಿನಲ್ಲಿ ಹರಿಯುತ್ತವೆ. ಸುಂಕದ ಕಟ್ಟೆಯಲ್ಲಿ ತೆರಿಗೆ ತೆತ್ತಂತೆ, ಹೊರಹೋಗುವ ರಕ್ತ ತನ್ನ ಶಾಖವನ್ನು ಒಳಬರುವ ರಕ್ತಕ್ಕೆ ಒಪ್ಪಿಸಿಯೇ ಮುಂದೆ ಸಾಗುತ್ತದೆ. ಅಮೆರಿಕದ ವುಡ್ಸ್ ಹೋಲ್ ಸಂಸ್ಥೆಯ ಫ್ರಾನ್ಸಿಸ್ ಕೇರಿ ಮತ್ತು ಜಾನ್ ಟೀಲ್ 1966ರಲ್ಲಿ ಪ್ರಕಟಿಸಿದ ಅಧ್ಯಯನ ಈ ಏರ್ಪಾಡನ್ನು ಅಳತೆಗಳ ಸಮೇತ ವಿವರಿಸಿತು. ಮೂರು ವರ್ಷಗಳ ಬಳಿಕ ಅವರು ಮಾಕೋ ಶಾರ್ಕ್‌ನಲ್ಲೂ ಇದನ್ನೇ ಕಂಡರು. ಈ ಎರಡು ವಂಶಗಳು ಬೇರೆಯಾಗಿ 40 ಕೋಟಿಗೂ ಹೆಚ್ಚು ವರ್ಷಗಳಾಗಿವೆ. ವೇಗದ ಬೇಟೆಗಾರನಿಗೆ ನಿಸರ್ಗ ಎರಡು ಬಾರಿ ಒಂದೇ ದಾರಿ ತೋರಿಸಿತ್ತು. ಇನ್ನು ಕತ್ತಿಮೀನು ಕಣ್ಣು, ಮಿದುಳನ್ನು ಮಾತ್ರ ಬಿಸಿಯಾಗಿಟ್ಟುಕೊಳ್ಳುತ್ತದೆ ಎಂಬುದನ್ನು 1982ರಲ್ಲಿ ತಿಳಿಸಿದವರೂ ಕೇರಿಯವರೇ.

ಬೆಚ್ಚನೆಯ ಸ್ನಾಯು ಚುರುಕಾಗಿ ಕುಗ್ಗಿ ಹಿಗ್ಗುತ್ತದೆ. ಆದ್ದರಿಂದಲೇ ಅಟ್ಲಾಂಟಿಕ್‌ನ ನೀಲಿರೆಕ್ಕೆಯ ಟ್ಯೂನಾ ಮೆಡಿಟರೇನಿಯನ್‌ನಲ್ಲಿ ಮೊಟ್ಟೆಯಿಟ್ಟು, ನಾರ್ವೆಯ ಶೀತಲ ಕಡಲಿನವರೆಗೂ ಬೇಟೆಗೆ ಹೋಗಬಲ್ಲದು. ಆದರೆ ಈ ಶಕ್ತಿ ಪುಕ್ಕಟೆ ಬಂದದ್ದಲ್ಲ. ಅದಕ್ಕೆ ಹೇರಳ ಆಹಾರ ಬೇಕು. ಬಾಯಿ ತೆರೆದು ಸದಾ ಈಜುತ್ತಿದ್ದರೆ ಮಾತ್ರ ಉಸಿರು. ನಿಂತರೆ ಸಾವು. ಹೃದಯಕ್ಕಂತೂ ಶಾಖದ ಭಾಗ್ಯವಿಲ್ಲ. ತಣ್ಣನೆ ಆಳಕ್ಕೆ ಮುಳುಗಿದಾಗ ಅದರ ಬಡಿತ ನಿಧಾನವಾಗುತ್ತದೆ.

ಹಲವು ದೇಶಗಳ ಕಡಲು ದಾಟುವ ಈ ಮೀನು ಎಲ್ಲರ ಬಲೆಗೂ ಬಿತ್ತು. ಜಪಾನಿನ ಮಾರುಕಟ್ಟೆಯ ಬೆಲೆ ಬೇಟೆಯನ್ನು ಇನ್ನಷ್ಟು ಹೆಚ್ಚಿಸಿತು. 2011ರಲ್ಲಿ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟ ಇದನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿತು. ಹಿಡಿಯುವ ಪ್ರಮಾಣಕ್ಕೆ ದೇಶಗಳು ಒಟ್ಟಾಗಿ ಮಿತಿ ಹಾಕಿದ ಮೇಲೆ ಸಂಖ್ಯೆ ಚೇತರಿಸಿತು. 2021ರಲ್ಲಿ ಆ ಪಟ್ಟಿಯಿಂದ ಹೊರಬಂತು. ಅನೇಕ ಮೀನುಗಳನ್ನು ಮೀರಿಸಿ ಓಡಬಲ್ಲ ಟ್ಯೂನಾ ಬಲೆಯನ್ನು ಮೀರಿಸಲಾರದು. ಅದನ್ನು ಉಳಿಸಿದ್ದು ಅದರ ವೇಗವಲ್ಲ, ಮನುಷ್ಯ ತನಗೆ ತಾನೇ ಹಾಕಿಕೊಂಡ ಕಡಿವಾಣ.